ನೀವು ಹೇಳಿದಂತೆಯೇ ಇದೆ, ಆದ್ದರಿಂದ ದುಡ್ಡು ವಾಪಸ್ ಕೊಡಿ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಒಂದು ಮೇಲ್. ‘ನಿಮ್ಮ ಮೇಲೆ ಒಂದು ಕೇಸ್ ದಾಖಲಾಗಿದೆ.’ ಎದೆ ಧಸಕ್ ಎಂದಿತು. ನಾನು ಯಾವಾಗ ಯಾರಿಗೇನು ಮಾಡಿದೆ ಎಂದು ಹಾಸಿಗೆಯಲ್ಲೇ ಕೂತು ನೆನಪು ಮಾಡಿಕೊಂಡೆ. ಓದಿದರೆ ವಿಷಯ ಇಷ್ಟೇ. ಹೋದ ತಿಂಗಳು ಒಂದು ಹಳೆಯ ರೀಲ್ ಕ್ಯಾಮೆರಾವನ್ನು ಆನ್‌ಲೈನಿನಲ್ಲಿ ಮಾರಿದ್ದೆ. ಸಮುದ್ರದಾಚೆಯ ಒಬ್ಬ ಮಹಾಶಯರು ಕೊಂಡಿದ್ದರು. ಈಗ ಅವರ ದೂರು: ‘ಶಟರ್ ಅಂಟಿಕೊಂಡಿದೆ.’

ಹೌದು ಸ್ವಾಮಿ, ಅಂಟಿಕೊಂಡಿದೆ. ನಾನೇ ಬರೆದಿದ್ದೆನಲ್ಲ! ವಿವರಣೆಯ ಮೊದಲ ಸಾಲೇ ಅದು: ‘ಶಟರ್ ಅಂಟಿಕೊಂಡಿದೆ. ಬಿಡಿಭಾಗಕ್ಕೆ ಮಾತ್ರ.’ ಜೊತೆಗೆ 11 ಫೋಟೋ. ಅದರಲ್ಲಿ ಎರಡು, ಅಂಟಿಕೊಂಡ ಶಟರಿನದ್ದೇ.

ಸಾಕ್ಷಿಗೆಂದು ಅವರೂ ಒಂದು ಫೋಟೋ ಲಗತ್ತಿಸಿದ್ದರು. ದೊಡ್ಡದು ಮಾಡಿ ನೋಡಿದೆ. ಕ್ಯಾಮೆರಾದ ಕೆಳಗೆ ನೀಲಿ ಟವಲ್. ಟವಲಿನ ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಕಲೆ. ಆ ಕಲೆ ಮಾಡಿದವನು ನಾನು. ಟವಲ್ ನಮ್ಮ ಮನೆಯದು. ನಾನು ತೆಗೆದ ಫೋಟೋವನ್ನೇ ನನ್ನ ವಿರುದ್ಧ ಸಾಕ್ಷಿಯಾಗಿ ಕಳಿಸಿದ್ದರು!

ಅವರನ್ನು ಬೈಯುವುದಕ್ಕಿಂತ ಮೊದಲು ಆ ಗುಂಡಿಗಳನ್ನು ಮೆಚ್ಚಬೇಕು. ಇಂಥ ಸೈಟುಗಳಲ್ಲಿ ವಸ್ತು ವಾಪಸ್ ಮಾಡುವಾಗ ಕಾರಣ ಕೇಳುತ್ತಾರೆ. ‘ಮನಸ್ಸು ಬದಲಾಯಿತು’ ಎಂದು ಒತ್ತಿದರೆ ವಾಪಸ್ ಕಳಿಸುವ ಖರ್ಚು ಸಾಮಾನ್ಯವಾಗಿ ಕೊಂಡವರದ್ದು. ‘ವಿವರಣೆಯಲ್ಲಿ ಹೇಳಿದಂತೆ ಇಲ್ಲ’ ಎಂದು ಒತ್ತಿದರೆ ಮಾರಿದವರದ್ದು. ಎರಡೂ ಗುಂಡಿ ಅಕ್ಕಪಕ್ಕ. ನಿಜ ಹೇಳಿದರೆ ದಂಡ, ಸುಳ್ಳು ಹೇಳಿದರೆ ಪುಕ್ಕಟೆ. ಮನುಷ್ಯನ ಪ್ರಾಮಾಣಿಕತೆಯ ಮೇಲೆ ಇಷ್ಟೊಂದು ನಂಬಿಕೆ ಇಟ್ಟವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಇದಕ್ಕೆ ಅವರು ಇಟ್ಟ ಹೆಸರು ‘ರಕ್ಷಣೆ’. ಮಾರುವವರಿಗೂ ರಕ್ಷಣೆ ಇದೆಯಂತೆ. ಆ ಪುಟದಲ್ಲಿ ಅದು ಯಾವಾಗ ಸಿಗುವುದಿಲ್ಲ ಎಂಬುದೇ ಜಾಸ್ತಿ.

ಪಿಟೀಲಿನ ಕಥೆ ನಿಮಗೆ ಗೊತ್ತಿರಬೇಕು, 2012ರ ಜನವರಿಯಲ್ಲಿ ಎಲ್ಲ ಕಡೆ ಓಡಾಡಿತ್ತು. ಒಬ್ಬಾಕೆ ಒಂದು ಹಳೆಯ ಫ್ರೆಂಚ್ ಪಿಟೀಲನ್ನು ಕೆನಡಾದವರೊಬ್ಬರಿಗೆ 2,500 ಡಾಲರಿಗೆ ಮಾರಿದರು. ಎರಡನೇ ಮಹಾಯುದ್ಧವನ್ನು ದಾಟಿ ಉಳಿದ ಪಿಟೀಲು ಅದು ಎಂದು ಆಕೆ ಹೇಳಿಕೊಂಡಿದ್ದರು. ಕೊಂಡವರು ಒಳಗಿನ ಲೇಬಲ್ ಬಗ್ಗೆ ತಕರಾರು ತೆಗೆದರು. ಹಳೆಯ ಪಿಟೀಲುಗಳ ಲೇಬಲ್ ಬಗ್ಗೆ ತಕರಾರು ಬರುವುದು ಆ ಲೋಕದಲ್ಲಿ ಮಾಮೂಲು, ಪರಿಣತರೂ ಜಗಳಾಡುತ್ತಾರೆ. ಆದರೆ ಆನ್‌ಲೈನಿನಲ್ಲಿ ದುಡ್ಡು ದಾಟಿಸುವ ಕಂಪನಿ ಪೇಪಾಲ್‌ಗೆ ಅಷ್ಟು ಪುರುಸೊತ್ತು ಎಲ್ಲಿ? ದುಡ್ಡು ವಾಪಸ್ ಬೇಕಾದರೆ ಪಿಟೀಲನ್ನು ನಾಶ ಮಾಡಿ ಎಂದಿತು. ಅವರು ಮಾಡಿದರು. ಚೂರುಚೂರಾದ ಪಿಟೀಲಿನ ಫೋಟೋ ತೆಗೆದು ಮಾರಿದಾಕೆಗೂ ಕಳಿಸಿದರು. ಆಕೆಗೆ ದುಡ್ಡೂ ಇಲ್ಲ, ಪಿಟೀಲೂ ಇಲ್ಲ.

ಕೋಣನ ಮುಂದೆ ಕಿನ್ನರಿ ನುಡಿಸಿದಂತೆ ಎನ್ನುತ್ತೇವೆ. ಪಾಪ, ಕೋಣ ಏನು ಮಾಡುತ್ತದೆ? ಕೇಳಿಸಿಕೊಳ್ಳದೆ ಮೇಯುತ್ತದೆ. ಯಾವ ಕೋಣವೂ ಕಿನ್ನರಿಯನ್ನು ಒಡೆದು ಚೂರಿನ ಫೋಟೋ ಕಳಿಸಿ ಎಂದು ಕೇಳಿದ ದಾಖಲೆಯಿಲ್ಲ. ಅದಕ್ಕೆ ನಿಯಮಾವಳಿ ಬೇಕು. ನಿಯಮಾವಳಿಯ ತರ್ಕವನ್ನೂ ನೋಡಿ. ವಸ್ತು ನಕಲಿಯಾದರೆ ಮತ್ತೆ ಮಾರುಕಟ್ಟೆಗೆ ಬರಬಾರದು, ಹಾಗಾಗಿ ನಾಶ ಮಾಡಬೇಕು. ಸರಿಯೇ. ನಕಲಿ ಎಂದು ತೀರ್ಮಾನಿಸಿದ್ದು ಯಾರು? ಅದನ್ನು ಕೈಯಲ್ಲಿ ಹಿಡಿದೂ ನೋಡದವರು.

ನನ್ನ ಕ್ಯಾಮೆರಾ ಬಚಾವಾಯಿತು ಎಂದು ಸಮಾಧಾನ ಮಾಡಿಕೊಂಡೆ. ಒಡೆಯಲು ಅದರಲ್ಲಿ ಉಳಿದದ್ದಾದರೂ ಏನು?

ಮಹಾಶಯರ ಜೊತೆ ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಸೈಟು ಸೂಚಿಸಿತ್ತು. ಅವರ ಭಾಷೆ ನನಗೆ ಬರದು, ನನ್ನದು ಅವರಿಗೆ ಬರದು. ನಡುವೆ ಅನುವಾದದ ಯಂತ್ರ. ಅವರ ಮೊದಲ ಸಂದೇಶ ಹೀಗೆ ಬಂತು: ‘ಪ್ರಿಯ ಮಾರಾಟಗಾರ, ಕಿಟಕಿಯ ಬಾಗಿಲು ಸತ್ತಿದೆ. ನನ್ನ ಹೃದಯವು ಮರಳುವಿಕೆಯನ್ನು ಬಯಸುತ್ತದೆ.’ ಎರಡು ಸಲ ಓದಿದೆ. ಕವಿತೆಯಾಗಿದ್ದರೆ ಯಾವುದಾದರೂ ಪತ್ರಿಕೆಗೆ ಕಳಿಸಬಹುದಿತ್ತು.

ಮರ್ಯಾದೆಯಾಗಿ ಉತ್ತರಿಸಿದೆ. ‘ನಿಮಗೆ ಬೇಸರವಾಗಿದ್ದಕ್ಕೆ ವಿಷಾದವಿದೆ. ಆದರೆ ಶಟರ್ ಕೆಟ್ಟಿದೆ ಎಂದು ಮೊದಲೇ ಬರೆದಿದ್ದೆ.’ ಅರ್ಧ ಗಂಟೆಯಲ್ಲಿ ಅವರ ಮರುಸಂದೇಶ: ‘ನಿಮ್ಮ ಕ್ಷಮೆಯನ್ನು ಸ್ವೀಕರಿಸಿದೆ. ಹಣ ಯಾವಾಗ?’

ಈ ‘ವಿಷಾದ’ ಎನ್ನುವ ಪದದ ಬಗ್ಗೆ ಮಾರುವ ಎಲ್ಲರನ್ನೂ ಎಚ್ಚರಿಸಬೇಕು. ಅದು ಹತ್ತಾರು ಭಾಷೆ ದಾಟುವಷ್ಟರಲ್ಲಿ ತಪ್ಪೊಪ್ಪಿಗೆ ಆಗಿರುತ್ತದೆ. ನಮ್ಮ ಸಂದೇಶಗಳನ್ನೆಲ್ಲ ಮುಂದೆ ಯಾರೋ ಓದುತ್ತಾರಂತೆ. ಓದುತ್ತಾರೋ ಇಲ್ಲವೋ, ‘ಮಾರಾಟಗಾರ ಕ್ಷಮೆ ಕೇಳಿದ್ದಾನೆ’ ಎಂದು ಯಂತ್ರವಂತೂ ಗುರುತು ಹಾಕಿಕೊಂಡಿರುತ್ತದೆ.

ಉತ್ತರಿಸಲು ನನಗೆ ಕೊಟ್ಟ ಗಡುವು 3 ಕೆಲಸದ ದಿನ. ದೂರು ಕೊಡಲು ಅವರಿಗೆ? ಪೇಪಾಲ್‌ನಲ್ಲಿ ದುಡ್ಡು ಕೊಟ್ಟ ದಿನದಿಂದ 180 ದಿನ. ಕಾರ್ಡಿನಲ್ಲಾದರೆ ಬ್ಯಾಂಕಿಗೆ ಹೋಗಿ ದುಡ್ಡು ಹಿಂದಕ್ಕೆ ಎಳೆಸಲು ಸಾಮಾನ್ಯವಾಗಿ 120 ದಿನ. ಅಂದರೆ ಅವರು ಆರು ತಿಂಗಳು ಯೋಚಿಸಬಹುದು, ನಾನು ಸೋಮವಾರದಿಂದ ಬುಧವಾರದೊಳಗೆ ನಿರಪರಾಧಿಯಾಗಬೇಕು.

ಅದೂ ಏನನ್ನು ಸಾಬೀತು ಮಾಡಬೇಕು? ಡಬ್ಬಿಯೊಳಗೆ ಏನಿತ್ತು ಎಂಬುದನ್ನು. ಟ್ರ್ಯಾಕಿಂಗ್ ನಂಬರು ಡಬ್ಬಿ ತಲುಪಿತು ಎನ್ನುತ್ತದೆ, ಒಳಗೆ ಕ್ಯಾಮೆರಾ ಇತ್ತೋ ಇಟ್ಟಿಗೆ ಇತ್ತೋ ಹೇಳುವುದಿಲ್ಲ. ಅದಕ್ಕೇ ಅನುಭವಸ್ಥರು ಪ್ಯಾಕ್ ಮಾಡುವಾಗ ವಿಡಿಯೋ ತೆಗೆಯುತ್ತಾರೆ. ಸೀರಿಯಲ್ ನಂಬರ್ ತೋರಿಸಿ, ತೂಕದ ಯಂತ್ರದ ಮೇಲಿಟ್ಟು, ಟೇಪ್ ಸುತ್ತಿ, ಟೇಪಿನ ಮೇಲೆ ಸಹಿ ಹಾಕಿ. ನಾನೂ ತೆಗೆದಿದ್ದೆ. ನಾಲ್ಕು ನಿಮಿಷದ ವಿಡಿಯೋ. ಅಪ್‌ಲೋಡ್ ಮಾಡಲು ಹೋದರೆ ಫೋಟೋ ಅಥವಾ ಪಿಡಿಎಫ್ ಮಾತ್ರ ಎಂದಿತು ಸೈಟು. ವಿಡಿಯೋದಿಂದ ಆರು ಚಿತ್ರ ಕತ್ತರಿಸಿ ಪಿಡಿಎಫ್ ಮಾಡಿದೆ. ಒಂದರಲ್ಲಿ ನನ್ನ ಹೆಬ್ಬೆರಳು ಶಟರನ್ನು ಮುಚ್ಚಿಬಿಟ್ಟಿತ್ತು.

ವಸ್ತು ಬಂದೇ ಇಲ್ಲ ಎನ್ನುವ ಜಾತಿಯ ದೂರು ಇನ್ನೊಂದು ಲೋಕ. ಗೆಳೆಯರೊಬ್ಬರ ಪಾರ್ಸೆಲ್ ‘ಹೊರದೇಶಕ್ಕೆ ರವಾನೆಯಾಗಿದೆ’ ಎಂಬ ಒಂದೇ ಸಾಲಿನಲ್ಲಿ 23 ದಿನ ನಿಂತಿತ್ತು. ದಿನಕ್ಕೆ ನಾಲ್ಕು ಸಲ ಆ ಹದಿಮೂರು ಅಕ್ಷರದ ನಂಬರನ್ನು ಹಾಕಿ ನೋಡುತ್ತಿದ್ದರು. ಮುಂದೆ ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಅವರಿಗೆ ಬಾಯಿಪಾಠವಾಗಿತ್ತು, ನನಗೂ ಆಗಿತ್ತು. ಅಂಚೆಯಲ್ಲಿ ವಿಚಾರಣೆಗೆ ದಾರಿಯೇನೋ ಇದೆ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ ಅದಕ್ಕೊಂದು ಫಾರಂ ಮಾಡಿದೆ, ಸಿಎನ್ 08 ಎಂದು. ಪಾರ್ಸೆಲ್ ಕಳಿಸಿ ಆರು ತಿಂಗಳೊಳಗೆ ವಿಚಾರಿಸಬಹುದು. ಒಂದು ದೇಶದ ಅಂಚೆ ಇನ್ನೊಂದು ದೇಶದ ಅಂಚೆಯನ್ನು ಕೇಳಿ, ಅದು ಅಲ್ಲಿನ ಕಚೇರಿಯನ್ನು ಕೇಳಿ, ಉತ್ತರ ಬರಬೇಕು. ಸೈಟು ಕೊಟ್ಟದ್ದು ಮೂರೇ ದಿನ. ಉತ್ತರ ಬಂತು, ಸುಳ್ಳು ಹೇಳಬಾರದು. ‘ತಲುಪಿಸಲಾಗಿದೆ, ಸಹಿ ಪಡೆಯಲಾಗಿದೆ.’ ಆ ಹೊತ್ತಿಗೆ ದುಡ್ಡು ವಾಪಸ್ ಹೋಗಿ, ಕೇಸ್ ಮುಚ್ಚಿ, ಮೇಲ್ಮನವಿಯ ಅವಧಿಯೂ ಮುಗಿದಿತ್ತು. ಆ ಕಾಗದವನ್ನು ಈಗಲೂ ಇಟ್ಟುಕೊಂಡಿದ್ದಾರೆ, ಯಾಕೆ ಎಂದು ನಾನು ಕೇಳಿಲ್ಲ.

ಇನ್ನು ಕಸ್ಟಮ್ಸ್. ಯುರೋಪ್ ಒಕ್ಕೂಟ 22 ಯೂರೋ ಒಳಗಿನ ಪಾರ್ಸೆಲ್ಲುಗಳಿಗೆ ಇದ್ದ ತೆರಿಗೆ ವಿನಾಯಿತಿಯನ್ನು 2021ರ ಜುಲೈ 1ರಿಂದ ತೆಗೆಯಿತು. ಅಮೆರಿಕ 800 ಡಾಲರ್ ತನಕದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಅವರ ದೇಶ, ಅವರ ಸುಂಕ, ಇರಲಿ. ಆದರೆ ಸುಂಕ ಕಟ್ಟಿ ಎಂದಾಗ ಕೊಂಡವರು ಪಾರ್ಸೆಲ್ ಬೇಡ ಎನ್ನುತ್ತಾರೆ. ಬೇಡ ಎಂದವರೇ ಮನೆಗೆ ಬಂದು ‘ವಸ್ತು ಬಂದಿಲ್ಲ’ ಗುಂಡಿ ಒತ್ತುತ್ತಾರೆ. ತಾಂತ್ರಿಕವಾಗಿ ಸುಳ್ಳಲ್ಲ. ಬಂದಿಲ್ಲವಲ್ಲ!

ಇನ್ನು ಕೆಲವರು ಮೊದಲೇ ಗುಟ್ಟಾಗಿ ಬರೆಯುತ್ತಾರೆ. ‘ಗಿಫ್ಟ್ ಎಂದು ಬರೆಯಿರಿ, ಬೆಲೆ ಕಮ್ಮಿ ತೋರಿಸಿ.’ ಮುಖ ನೋಡದ, ಹೆಸರು ಓದಲು ಬಾರದ ಮನುಷ್ಯನಿಗೆ ನಾನು ಯಾಕಪ್ಪ ಉಡುಗೊರೆ ಕೊಡಲಿ? ಕೊಟ್ಟೆ ಎಂದೇ ಇಟ್ಟುಕೊಳ್ಳಿ. ಕಸ್ಟಮ್ಸಿಗೆ ಸುಳ್ಳು ಬರೆದುಕೊಟ್ಟವನು ನಾನು, ಸಹಿ ನನ್ನದು. ಪಾರ್ಸೆಲ್ ಕಳೆದುಹೋದರೆ ಪರಿಹಾರ ಕೇಳಲು ಹೋದಾಗ ಅದೇ ಕಮ್ಮಿ ಬೆಲೆಯನ್ನು ನನ್ನ ಮುಖಕ್ಕೆ ಹಿಡಿಯುತ್ತಾರೆ.

ಒಂದು ಹಂತದಲ್ಲಿ ಕಾನೂನಾದರೂ ಓದೋಣ ಎನ್ನಿಸಿತು. 1980ರಲ್ಲಿ ವಿಯೆನ್ನಾದಲ್ಲಿ ಹಲವು ದೇಶಗಳು ಸೇರಿ ಅಂತರರಾಷ್ಟ್ರೀಯ ಸರಕು ಮಾರಾಟಕ್ಕೆ ಒಂದು ಒಪ್ಪಂದ ಮಾಡಿಕೊಂಡಿವೆ. ಒಟ್ಟು 101 ವಿಧಿಗಳು. ಉತ್ಸಾಹದಿಂದ ಓದಲು ಕೂತೆ. ಎರಡನೇ ವಿಧಿಗೇ ಉತ್ಸಾಹ ಇಳಿಯಿತು. ಸ್ವಂತಕ್ಕೆ, ಮನೆ ಬಳಕೆಗೆ ಕೊಂಡದ್ದಕ್ಕೆ ಇದು ಅನ್ವಯಿಸುವುದಿಲ್ಲ. ಹರಾಜಿನಲ್ಲಿ ಕೊಂಡದ್ದಕ್ಕೂ ಇಲ್ಲ. ಹಡಗಿಗೂ ವಿಮಾನಕ್ಕೂ ಇಲ್ಲವಂತೆ, ಅದೊಂದು ನಷ್ಟ ನನಗೆ ಆಗಲಿಲ್ಲ. ಉಳಿದ 99 ವಿಧಿ ಓದಲಿಲ್ಲ.

ಯುರೋಪಿನವರು ಆನ್‌ಲೈನ್ ಜಗಳ ಬಗೆಹರಿಸಲೆಂದೇ 2016ರಲ್ಲಿ ಒಂದು ವೇದಿಕೆ ತೆರೆದಿದ್ದರು. ಅಲ್ಲಿನ ಪ್ರತಿ ಆನ್‌ಲೈನ್ ಅಂಗಡಿಯವರೂ ಅದರ ಲಿಂಕನ್ನು ತಮ್ಮ ಪುಟದಲ್ಲಿ ಹಾಕಲೇಬೇಕಿತ್ತು. ಹಾಕಿದರು. ಒಂಬತ್ತು ವರ್ಷ ಆ ಲಿಂಕ್ ಪುಟದ ತಳದಲ್ಲಿ ಸುಮ್ನೆ ಕೂತಿತ್ತು. ಉಪಯೋಗಿಸುವವರು ತೀರಾ ಕಡಿಮೆ ಎಂದು 2025ರ ಜುಲೈ 20ಕ್ಕೆ ಮುಚ್ಚಿದರು. ಈಗ ಆ ಲಿಂಕನ್ನು ತೆಗೆಯುವುದು ಅಂಗಡಿಯವರ ಹೊಸ ಕೆಲಸ.

ಕಾರ್ಡ್ ಲೋಕದಲ್ಲಿ ಒಂದು ಪದವಿದೆ, ‘ಫ್ರೆಂಡ್ಲಿ ಫ್ರಾಡ್’. ವಸ್ತು ತೆಗೆದುಕೊಂಡು, ಬಳಸಿ, ಆಮೇಲೆ ಬ್ಯಾಂಕಿಗೆ ಹೋಗಿ ದುಡ್ಡು ವಾಪಸ್ ಎಳೆಸುವುದು. ಸ್ನೇಹದ ವಂಚನೆ! ಇಂಥ ಮುದ್ದಾದ ಹೆಸರಿಟ್ಟವರಿಗೆ ಜೇಬುಗಳ್ಳರಿಗೂ ಒಂದು ಹೆಸರು ಇಡಲು ಹೇಳಬೇಕು. ಇದರಲ್ಲಿ ಮಾರಿದವನ ದುಡ್ಡು ಹೋಗುತ್ತದೆ, ವಸ್ತು ಹೋಗುತ್ತದೆ, ಮೇಲೆ ಕೇಸಿನ ಶುಲ್ಕ ಎಂದು ಇನ್ನಷ್ಟು ಕಿತ್ತುಕೊಳ್ಳುತ್ತಾರೆ. ಕೊಲೆಯಾದವನಿಗೇ ಪಂಚನಾಮೆಯ ಖರ್ಚು.

ಹಾಗೆಂದು ಮಾರುವವರೆಲ್ಲ ಹರಿಶ್ಚಂದ್ರರಲ್ಲ. 1974ರಲ್ಲಿ ಅಮೆರಿಕ ಕಾರ್ಡ್ ಬಿಲ್ಲಿನ ತಕರಾರಿಗೆ ಕಾನೂನು ತಂದದ್ದು, ಅದೇ ವರ್ಷ ಬ್ರಿಟನ್ ಸಾಲದ ಗ್ರಾಹಕರ ಪರ ಕಾನೂನು ಮಾಡಿದ್ದು ಸುಮ್ಮನೆ ಅಲ್ಲ. ದುಡ್ಡು ನುಂಗಿ ಖಾಲಿ ಡಬ್ಬಿ ಕಳಿಸುವ ಮಾರಾಟಗಾರರು ಇದ್ದಾರೆ, ನಾನೇ ಅವರ ಕೈಗೆ ಸಿಕ್ಕಿದ್ದೇನೆ. ಆಗ ನನಗೂ ಇದೇ ಗುಂಡಿ ದುಡ್ಡು ವಾಪಸ್ ಕೊಡಿಸಿತ್ತು. ನನ್ನ ಸಿಟ್ಟು ಗುಂಡಿ ಇದೆ ಎಂದಲ್ಲ. ಒತ್ತಿದ ಮೇಲೆ ಯಾರೂ ನೋಡುವುದಿಲ್ಲ ಎಂದು. ಪ್ರತಿ ಮಾರಾಟದಲ್ಲೂ ಸೈಟಿನವರು ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಆ ಪಾಲಿನಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ, ಒಂದು ಸಾಲು ವಿವರಣೆ, ಒಂದು ಸಾಲು ದೂರು ಓದಿಸಲು ಆಗುವುದಿಲ್ಲವೇ? ಎರಡೂ ಸಾಲು ಒಂದೇ ಇದ್ದವು. ಅಕ್ಷರ ಬಲ್ಲ ಮಗುವೂ ಹೇಳುತ್ತಿತ್ತು. ಬರೆದು ಬರೆದು ಸಾಕಾಗಿದೆ. ಪ್ರತಿ ಸಲ ಬೇರೆ ಬೇರೆ ಹೆಸರಿನವರು ‘ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ’ ಎಂಬ ಒಂದೇ ವಾಕ್ಯ ಕಳಿಸುತ್ತಾರೆ.

ತೀರ್ಪು ನಾಲ್ಕನೇ ದಿನ ಬಂತು. ವಸ್ತು ವಾಪಸ್ ಬೇಕಾದರೆ ಅಲ್ಲಿಂದ ತರಿಸುವ ಖರ್ಚು ನನ್ನದು. ಅದು ಕ್ಯಾಮೆರಾ ಬೆಲೆಗಿಂತ ಜಾಸ್ತಿ. ಬೇಡವಾದರೆ ದುಡ್ಡು ವಾಪಸ್, ಕ್ಯಾಮೆರಾ ಅವರಿಗೇ. ಬಡವನ ಕೋಪ ದವಡೆಗೆ ಮೂಲ ಎಂದುಕೊಂಡು ಎರಡನೆಯದನ್ನು ಒತ್ತಿದೆ. ಆಮೇಲೆ ಅವರ ಬಗ್ಗೆ ಅಭಿಪ್ರಾಯ ಬರೆಯಿರಿ ಎಂದು ಪುಟ ತೆರೆದುಕೊಂಡಿತು. ಕೊಂಡವರ ಬಗ್ಗೆ ಕೆಟ್ಟದ್ದು ಬರೆಯುವ ಅವಕಾಶವನ್ನು ಇಬೇ 2008ರಲ್ಲೇ ಮಾರುವವರಿಂದ ಕಿತ್ತುಕೊಂಡಿತು. ನನ್ನ ಸೈಟಿನಲ್ಲೂ ಅದೇ ಪದ್ಧತಿ, ಹೊಗಳಬಹುದು ಅಥವಾ ಬಾಯಿ ಮುಚ್ಚಿಕೊಂಡಿರಬಹುದು. ಹೊಗಳಿದೆ. ‘ಇಂಥವರು ಸಿಗುವುದು ಅಪರೂಪ. ಕೊಟ್ಟ ವಸ್ತುವನ್ನು ಚೆನ್ನಾಗಿ ಪರೀಕ್ಷಿಸುತ್ತಾರೆ.’ ಐದು ನಕ್ಷತ್ರ.

ಮೊನ್ನೆ ರಾತ್ರಿ ಅದೇ ಸೈಟಿನಲ್ಲಿ ಅದೇ ಮಾದರಿಯ ಕ್ಯಾಮೆರಾ ಹುಡುಕುತ್ತಿದ್ದೆ. ಒಂದು ಕಡೆ ನೀಲಿ ಟವಲ್ ಕಂಡಿತು. ಅಂಚಿನಲ್ಲಿ ಕಂದು ಕಲೆ. 11 ಫೋಟೋ, ನನ್ನ ಹೆಬ್ಬೆರಳೂ ಒಂದರಲ್ಲಿ ಇಣುಕುತ್ತಿದೆ. ಮಾರುತ್ತಿರುವವರು ನಮ್ಮ ಮಹಾಶಯರು. ಬೆಲೆ ನನ್ನದಕ್ಕಿಂತ ಒಂದೂವರೆ ಪಟ್ಟು. ವಿವರಣೆಯನ್ನು ಒಂದಕ್ಷರ ಬಿಡದೆ ಇಳಿಸಿದ್ದಾರೆ: ‘ಶಟರ್ ಅಂಟಿಕೊಂಡಿದೆ. ಬಿಡಿಭಾಗಕ್ಕೆ ಮಾತ್ರ.’ ಕೊನೆಯ ಒಂದು ಸಾಲು ಮಾತ್ರ ಅವರ ಸ್ವಂತದ್ದು.

‘ವಿದೇಶಕ್ಕೆ ಕಳಿಸುವುದಿಲ್ಲ.’