ಓಷ್ಠ್ಯಾಕ್ಷರಗಳೂ ನನ್ನ ಮೀಸೆಯೂ

ಹವ್ಯಾಸಿ ತಂಡವೊಂದು 16ನೇ ಶತಮಾನದ ಅರಮನೆಯ ಕಥೆಯುಳ್ಳ ಐತಿಹಾಸಿಕ ನಾಟಕಕ್ಕೆ ಪಾತ್ರಧಾರಿಗಳನ್ನು ಆರಿಸುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಶಾಲೆಯಲ್ಲಿ ಒಮ್ಮೆ ಪರದೆ ಎಳೆದದ್ದನ್ನು ಬಿಟ್ಟರೆ ರಂಗಭೂಮಿಯ ಗಂಧಗಾಳಿಯೂ ಇಲ್ಲದ ನಾನು, ಮುಖ್ಯಮಂತ್ರಿಯ ಪಾತ್ರ ನನಗೆಂದೇ ಕಾದು ಕುಳಿತಿದೆ ಎಂದು ತೀರ್ಮಾನಿಸಿಬಿಟ್ಟೆ. (ಅರಸರ ಕಾಲದ ಮುಖ್ಯಮಂತ್ರಿ, ಈಗಿನವರಲ್ಲ.)

ಸಿದ್ಧತೆಯಿಲ್ಲದೆ ಹೋಗಬಾರದೆಂದು ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯವರ ಬಗ್ಗೆ ಓದಿದೆ. 1898ರಲ್ಲಿ ಅವರ ಮಾಸ್ಕೋ ಆರ್ಟ್ ಥಿಯೇಟರಿನ ಮೊದಲ ಪ್ರಯೋಗವೂ 16ನೇ ಶತಮಾನದ ಅರಸನೊಬ್ಬನ ನಾಟಕವೇ ಆಗಿತ್ತು. ಅದರಲ್ಲಿ ಆ ಕಾಲದ ಬದುಕು ನಿಜವಾಗಿ ಕಾಣಬೇಕೆಂದು ಅವರು ಹಳೆಯ ಪಟ್ಟಣಗಳನ್ನು ಸುತ್ತಿ ಉಡುಪು, ಕಸೂತಿಗಳನ್ನೆಲ್ಲ ಕಲೆಹಾಕಿದ್ದರು. ಕಾಲಕ್ಕೆ ಒಪ್ಪದ ವಸ್ತು ಮೈಮೇಲೆ ಇರಕೂಡದು ಎಂದಷ್ಟೇ ಅರ್ಥಮಾಡಿಕೊಂಡ ನಾನು ಕೈಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿ, ಅದರ ಹಿಂದೆಯೇ ಕನ್ನಡಕವನ್ನೂ ಇಳಿಸಿದೆ. ಮೀಸೆಯೊಂದನ್ನು ಮಾತ್ರ ಏರಿಸಿಕೊಂಡೆ. ನಟರು ಇದಕ್ಕೆ ಸ್ಪಿರಿಟ್ ಗಮ್ ಎಂಬ, ರಾಳವನ್ನು ಆಲ್ಕೋಹಾಲಿನಲ್ಲಿ ಕರಗಿಸಿದ ಅಂಟನ್ನು ಹಚ್ಚಿ, ಅದು ಬೆರಳಿಗೆ ಜಿಗುಟಾಗುವವರೆಗೆ ಕಾಯುತ್ತಾರೆ. ಕಾಯುವ ವ್ಯವಧಾನ ನನಗಿರಲಿಲ್ಲ, ಸ್ಪಿರಿಟ್ ಗಮ್ಮೂ ಇರಲಿಲ್ಲ. ಲಕೋಟೆಗೆ ಹಚ್ಚುವ ಗೋಂದು ಇತ್ತು.

ಮೇಜಿನ ಹಿಂದೆ ಮೂವರು ಕುಳಿತಿದ್ದರು. ನಿರ್ದೇಶಕರು ಒಂದು ಹಾಳೆಯನ್ನು ಕೈಗಿತ್ತು, ಓದಿ ಎಂದರು. ನಾನು ಎದೆಯುಬ್ಬಿಸಿ, ಕೊನೆಯ ಸಾಲಿನ ಖಾಲಿ ಕುರ್ಚಿಗೂ ಕೇಳುವಂತೆ "ಗದ್ಗದಿತನಾಗಿ!" ಎಂದು ಗರ್ಜಿಸಿದೆ. ಅದು ಆವರಣದೊಳಗಿನ ರಂಗಸೂಚನೆ ಎಂದು ಅವರು ಮೆಲ್ಲಗೆ ತಿಳಿಸಿದರು. ಕನ್ನಡಕವಿಲ್ಲದ ಕಣ್ಣಿಗೆ ಆವರಣವೂ ಒಂದೇ, ಅಕ್ಷರವೂ ಒಂದೇ. ಮುಂದಿನ ಸಾಲನ್ನು ಇನ್ನಷ್ಟು ಭಾವ ತುಂಬಿ ಓದಿದೆ:

"ಮಹಾಪ್ರಭುಗಳೇ, ಶತ್ರುಗಳ ವಡೆ ಬಾಗಿಲಿಗೆ ಬಂದಿದೆ!"

ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. "ಹಾಗಿದ್ದರೆ ಬಾಗಿಲು ತೆಗೆಸಿ ಮಂತ್ರಿಗಳೇ, ಆರಿಹೋಗುತ್ತದೆ," ಎಂದರು ನಿರ್ದೇಶಕರು.

ನಮ್ಮ ಲಿಪಿಯಲ್ಲಿ ಪಕಾರಕ್ಕೂ ವಕಾರಕ್ಕೂ ಇರುವ ಅಂತರ ತಲೆಯ ಮೇಲಿನ ಒಂದು ಸಣ್ಣ ಗೆರೆಯಷ್ಟೇ ಎಂದು ಸಮಜಾಯಿಷಿ ಕೊಡಲು ಹೊರಟವನು ಕನ್ನಡಕದ ಕಥೆಯನ್ನೂ ಹೇಳಬೇಕಾಯಿತು. ಅವರು ನಿಟ್ಟುಸಿರಿಟ್ಟು, 13ನೇ ಶತಮಾನದ ಕೊನೆಗೇ ಇಟಲಿಯಲ್ಲಿ ಕನ್ನಡಕ ತಯಾರಾಗುತ್ತಿತ್ತೆಂದೂ, ಅದಿಲ್ಲದಿದ್ದರೂ ಇದು ಬರೀ ಆಯ್ಕೆಯೇ ಹೊರತು ಪ್ರದರ್ಶನವಲ್ಲವೆಂದೂ ಹೇಳಿ, ಹಾಕಿಕೊಳ್ಳಿ ಎಂದರು.

ಹಾಕಿಕೊಂಡೆ. ಸ್ಪಷ್ಟವಾಗಿ ಕಂಡ ಮೊದಲ ವಸ್ತು, ಮೂಗಿನ ಕೆಳಗಿನಿಂದ ಬಿಡುಗಡೆ ಪಡೆದು ಗಾಳಿಯಲ್ಲಿ ತೂಗುತ್ತಿದ್ದ ನನ್ನದೇ ಎಡ ಮೀಸೆಯ ತುದಿ. ಪ, ಫ, ಬ, ಭ, ಮ ಇವು ತುಟಿಯಲ್ಲಿ ಹುಟ್ಟುವ ಅಕ್ಷರಗಳು ಎಂದು ವ್ಯಾಕರಣದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆನಾದರೂ, ಅವು ಮೇಲಿನ ತುಟಿಯನ್ನು ಎಷ್ಟು ಅಲುಗಾಡಿಸುತ್ತವೆ ಎಂಬುದು ಆವರೆಗೆ ಅನುಭವಕ್ಕೆ ಬಂದಿರಲಿಲ್ಲ. ಆ ನಾಟಕಕಾರನಿಗಾದರೋ ಪವರ್ಗದ ಮೇಲೆ ವಿಪರೀತ ಮೋಹ. 'ಮಹಾಪ್ರಭು' ಎಂದಾಗ ಬಲಗಡೆಯೂ ಸಡಿಲವಾಯಿತು. 'ಭೀಕರ' ಎಂಬಲ್ಲಿನ ಮಹಾಪ್ರಾಣಕ್ಕೆ ಮೀಸೆ ಪೂರ್ತಿಯಾಗಿ ಎದ್ದು ಹಾರಿ ಮೇಜಿನ ಮೇಲೆ ಬಿತ್ತು. ಕೊನೆಯಲ್ಲಿ ಕುಳಿತಿದ್ದ ಹುಡುಗಿ ಅದನ್ನು ಕಂಬಳಿಹುಳವೆಂದು ತಿಳಿದು, ನಾಟಕದ ಹಸ್ತಪ್ರತಿಯಿಂದಲೇ ಬಲವಾಗಿ ಬಾರಿಸಿದಳು.

ಎರಡು ದಿನಗಳ ನಂತರ ಕರೆ ಬಂತು. ಮೂರನೆಯ ಅಂಕದಲ್ಲಿ ಈಟಿ ಹಿಡಿದು ನಿಲ್ಲುವ ದ್ವಾರಪಾಲಕನ ಪಾತ್ರ ನನಗೆ ದಕ್ಕಿದೆ. ಮಾತಿಲ್ಲ. ಮೀಸೆಯಿದೆ, ಆದರೆ ಅದನ್ನು ಅವರೇ ಅಂಟಿಸುತ್ತಾರಂತೆ.