ಮೀನುಗಳ ಮಹಾನಗರ ಪಾಲಿಕೆ

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ನಡುಮಧ್ಯೆ ನಿಂತರೆ ಥೇಮ್ಸ್ ನದಿಯ ಒಂದು ದಡದಲ್ಲಿ ಸಂಸತ್ ಭವನ, ಇನ್ನೊಂದು ದಡದಲ್ಲಿ ಕೌಂಟಿ ಹಾಲ್. ಅಲ್ಲಿ ದೇಶದ ಪ್ರತಿನಿಧಿಗಳಿದ್ದಾರೆ. ಇಲ್ಲಿ ಹಿಂದೆ ಊರಿನ ಪ್ರತಿನಿಧಿಗಳಿದ್ದರು, ಈಗ ಮೀನುಗಳಿವೆ. ಬಾಯಿ ತೆರೆದು ಮುಚ್ಚುವ ಕೆಲಸ ಎರಡೂ ದಡದಲ್ಲಿ ನಡೆದಿದೆ. ಮೀನು ನೋಡಲು ಟಿಕೆಟ್ ಕೊಳ್ಳಬೇಕು, ಅಷ್ಟೇ ವ್ಯತ್ಯಾಸ.

ಟಿಕೆಟ್ಟನ್ನು ಮಗಳು ಮೊದಲೇ ಕಾಯ್ದಿರಿಸಿದ್ದಳು. ‘ಅಪ್ಪಾ, ಇದು ಹಳೆಯ ಪಾಲಿಕೆ ಕಟ್ಟಡ, ನಿಮಗೆ ಇಷ್ಟವಾಗುತ್ತದೆ’ ಎಂದಳು. ಮೂವತ್ತು ವರ್ಷ ಖಾತೆ, ಕಂದಾಯ ಎಂದು ನಮ್ಮೂರಿನ ಪಾಲಿಕೆಗೆ ಅಲೆದವನಿಗೆ ಪಾಲಿಕೆ ಕಟ್ಟಡ ಇಷ್ಟವಾಗುತ್ತದೆ ಎಂದು ಅವಳಿಗೆ ಯಾರು ಹೇಳಿದರೋ ಕಾಣೆ. ಆದರೂ ಹೋದೆ. ಕೈಯಲ್ಲಿ ಅರ್ಜಿಯಿಲ್ಲದೆ ಪಾಲಿಕೆಯೊಳಗೆ ಕಾಲಿಟ್ಟದ್ದು ಜೀವನದಲ್ಲಿ ಅದೇ ಮೊದಲು.

ಕಟ್ಟಡದ ಪೂರ್ವಾಶ್ರಮವನ್ನು ಸ್ವಲ್ಪ ಹೇಳಬೇಕು. ರಾಲ್ಫ್ ನಾಟ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದ, ಪೋರ್ಟ್‌ಲೆಂಡ್ ಕಲ್ಲಿನ ಭಾರೀ ಮಹಲು ಇದು. 1910ರಲ್ಲಿ ನೆಲ ಅಗೆಯುವಾಗ ರೋಮನ್ನರ ಕಾಲದ ದೋಣಿಯೊಂದು ಸಿಕ್ಕಿತ್ತು. ಮುಂದೆ ಇಲ್ಲಿ ನೀರು ನಿಲ್ಲುತ್ತದೆ, ಜಲಚರಗಳು ಬರುತ್ತವೆ ಎಂಬ ಶಕುನ ಅಂದೇ ಆಗಿತ್ತು. ಇಂಗ್ಲಿಷರಿಗೆ ಶಕುನ ಕೇಳುವ ಅಭ್ಯಾಸವಿಲ್ಲ, ದೋಣಿಯನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಕೆಲಸ ಮುಂದುವರಿಸಿದರು. 1922ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ. ಲಂಡನ್ ಕೌಂಟಿ ಕೌನ್ಸಿಲ್, 1965ರಿಂದ ಗ್ರೇಟರ್ ಲಂಡನ್ ಕೌನ್ಸಿಲ್, ಇಲ್ಲಿ ಕುಳಿತೇ ಊರನ್ನು ಆಳಿದವು. ಕೊಳೆಗೇರಿಯವರಿಗೆ ಮನೆ ಕಟ್ಟಿಕೊಡುವುದು ಅವರ ದೊಡ್ಡ ಹುಚ್ಚು. ಬೆಕಂಟ್ರಿ ಎಂಬ ಒಂದೇ ಬಡಾವಣೆಯಲ್ಲಿ ಸುಮಾರು 26,000 ಮನೆ ಕಟ್ಟಿಸಿದರು.

1981ರಲ್ಲಿ ಕೆನ್ ಲಿವಿಂಗ್‌ಸ್ಟನ್ ಎಂಬ ಎಡಪಂಥದ ಮನುಷ್ಯ ಈ ಮನೆಯ ಯಜಮಾನನಾದ. ಲಂಡನ್ನಿನಲ್ಲಿ ಎಷ್ಟು ಜನ ನಿರುದ್ಯೋಗಿಗಳು ಎಂಬ ಲೆಕ್ಕವನ್ನು ದೊಡ್ಡ ಫಲಕದಲ್ಲಿ ಬರೆಸಿ, ಎದುರಿನ ಸಂಸತ್ತಿಗೆ ಕಣ್ಣು ಕುಕ್ಕುವಂತೆ ಕಟ್ಟಡಕ್ಕೆ ತೂಗುಹಾಕಿದ. ಎದುರುಮನೆಯವರಿಗೆ ಕಾಣಲೆಂದೇ ಹರಕು ಬಟ್ಟೆ ಒಣಹಾಕಿದಂತೆ. ಎದುರುಮನೆಯಾಕೆ ಕಿಟಕಿಯ ಪರದೆ ಎಳೆದುಕೊಂಡಿದ್ದರೆ ಮುಗಿಯುತ್ತಿತ್ತು. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮನೆಯನ್ನೇ ಖಾಲಿ ಮಾಡಿಸಿದರು. 1986ರ ಮಾರ್ಚ್ 31ಕ್ಕೆ ಕೌನ್ಸಿಲ್ ರದ್ದಾಯಿತು. ಮರುದಿನ, ಅಂದರೆ ಏಪ್ರಿಲ್ ಒಂದರಂದು, ಲಂಡನ್ನಿನವರು ಎದ್ದು ನೋಡಿದರೆ ಊರಿಗೊಂದು ಸರ್ಕಾರವಿಲ್ಲ. ಮುಂದಿನ 14 ವರ್ಷ ಇರಲಿಲ್ಲ.

ಆಸ್ತಿ ಮಾತ್ರ ಇತ್ತು. ಅದನ್ನು ವಿಲೇವಾರಿ ಮಾಡಲು ‘ಲಂಡನ್ ರೆಸಿಡ್ಯುವರಿ ಬಾಡಿ’ ಎಂಬ ಸಂಸ್ಥೆ ಹುಟ್ಟಿತು. ಕನ್ನಡದಲ್ಲಿ ಅಳಿದುಳಿದದ್ದರ ಮಂಡಳಿ ಎನ್ನಬಹುದು. ತಿಥಿ ಮುಗಿದ ಮೇಲೆ ಬಾಡಿಗೆ ಪಾತ್ರೆ ಎಣಿಸುವವರ ಕೆಲಸ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು ಕಟ್ಟಡ ನಮಗೆ ಕೊಡಿ, ಪಾಠ ಹೇಳುತ್ತೇವೆ ಎಂದು ಕೇಳಿದರು. ಕೊಡಲಿಲ್ಲ. 1993ರಲ್ಲಿ ಜಪಾನಿನ ಶಿರಾಯಾಮಾ ಕಂಪನಿಯ ಪಾಲಾಯಿತು.

ಅಲ್ಲಿಂದ ‘ಮಿಶ್ರ ಬಳಕೆ’ಯ ಪರ್ವ. ನಮ್ಮ ಚೌಚೌ ಬಾತಿಗಾದರೂ ಒಂದು ಶಿಸ್ತಿದೆ, ತಟ್ಟೆಯ ಈ ಬದಿ ಖಾರ, ಆ ಬದಿ ಸಿಹಿ. ಇಲ್ಲಿ ನದಿಯ ಕಡೆ ಐಷಾರಾಮಿ ಹೋಟೆಲು, ಅದೇ ಸೂರಿನಡಿ ಬಡ ಪ್ರವಾಸಿಗೊಂದು ಅಗ್ಗದ ಹೋಟೆಲು, ಪಕ್ಕದ ಬ್ಲಾಕುಗಳಲ್ಲಿ ಫ್ಲಾಟುಗಳು. ಬಡವರಿಗೆ ಮನೆ ಯೋಜಿಸಿದ ಆವರಣದಲ್ಲಿ ವಸತಿ ಯೋಜನೆ ಮುಂದುವರಿದಿದೆ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ, ಬಡವರನ್ನು ಬಿಟ್ಟು. 1997ರಲ್ಲಿ ಮತ್ಸ್ಯಾಲಯ ಬಂತು. 2003ರಲ್ಲಿ ಸಂಸ್ಕೃತಿಯೂ ಬಂತು, ಸಾಚಿ ಗ್ಯಾಲರಿಯ ರೂಪದಲ್ಲಿ. ಅವರು ತಂದಿದ್ದು ಏನೆಂದುಕೊಂಡಿರಿ? ಔಷಧದ ನೀರಿನಲ್ಲಿ ಅದ್ದಿಟ್ಟ ಶಾರ್ಕ್. ಕೆಳಗೆ ಈಜುವ ಶಾರ್ಕ್‌ಗೆ ಒಂದು ಟಿಕೆಟ್, ಮೇಲೆ ಸತ್ತ ಶಾರ್ಕ್‌ಗೆ ಇನ್ನೊಂದು. ಸತ್ತದ್ದು ಕಲೆ. ಗ್ಯಾಲರಿಯವರು ಮಾಲೀಕರೊಂದಿಗೆ ಜಗಳವಾಡಿ ಎರಡು ವರ್ಷಕ್ಕೆ ಹೊರಟುಹೋದರು. ಜೀವವಿದ್ದ ಶಾರ್ಕ್‌ಗಳು ಹೊಂದಿಕೊಂಡು ಉಳಿದವು. ಆಮೇಲೆ ಭಯ ಹುಟ್ಟಿಸುವ ಕತ್ತಲ ಕೋಣೆಗಳ ಪ್ರದರ್ಶನ, ಕಾರ್ಟೂನಿನ ಹಸಿರು ರಾಕ್ಷಸನ ಸಾಹಸಲೋಕ ಎಂದು ಒಕ್ಕಲುಗಳು ಬರುತ್ತಲೇ ಹೋದವು.

ಒಂದು ಮಾತು ಒಪ್ಪಬೇಕು, ಕಟ್ಟಡವನ್ನು ಅವರು ಕಾಪಾಡಿದ ಬಗೆ ಎಂಥವನಿಗೂ ಹೊಟ್ಟೆಕಿಚ್ಚು ತರಿಸುತ್ತದೆ. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ ಎರಡನೆಯ ದರ್ಜೆ, ಮೇಲೊಂದು ನಕ್ಷತ್ರ. ಒಳಗಿನ ಮರದ ಹಲಗೆ ಅಲುಗಾಡಿಸಬೇಕಾದರೂ ಅಪ್ಪಣೆ ಬೇಕು. ಎಂಟು ಮೂಲೆಯ ಸಭಾಂಗಣವನ್ನು ಮುಟ್ಟುವಂತಿಲ್ಲ. ಅದರಲ್ಲಿ ಕುಳಿತಿದ್ದ ಸಭೆಯನ್ನು ಎತ್ತಿ ಎಸೆಯಬಹುದು, ಅದು ಆ ಪಟ್ಟಿಯಲ್ಲಿ ಇರಲಿಲ್ಲ.

ಆ ಸಭಾಂಗಣವನ್ನೂ ನೋಡಿದೆ. 2017ರಿಂದ ಅಲ್ಲಿ ಕೊಲೆ ಮೊಕದ್ದಮೆಯೊಂದರ ನಾಟಕ ನಡೆಯುತ್ತದೆ. ಸದಸ್ಯರು ಕೂರುತ್ತಿದ್ದ ಮೆತ್ತನೆಯ ಆಸನಗಳಲ್ಲಿ ಪ್ರೇಕ್ಷಕರು ಕೂರುತ್ತಾರೆ. ನನಗೆ ಸಿಕ್ಕ ಆಸನದ ಕೈ ಹಿಡಿಯ ಮೇಲೆ ಅಂಗೈ ಇಟ್ಟಾಗ, ಬಜೆಟ್ ಭಾಷಣದ ಹೊತ್ತಿಗೆ ಇಲ್ಲಿ ಎಷ್ಟು ಜನ ತೂಕಡಿಸಿದ್ದಿರಬಹುದು ಎಂದು ಗೌರವ ಮೂಡಿತು. ಮಧ್ಯಾಹ್ನದ ಊಟವಾಗಿತ್ತು. ಪರಂಪರೆಗೆ ನಾನೂ ಎರಡು ನಿಮಿಷ ಸಲ್ಲಿಸಿದೆ. ಎಚ್ಚರವಾದಾಗ ಮತ ಕೇಳುತ್ತಿದ್ದರು. ಬದಿಯ ಸಾಲಿನ ಹನ್ನೆರಡು ಪ್ರೇಕ್ಷಕರು ತೀರ್ಪುಗಾರರಂತೆ. ಆರೋಪಿ ಅಪರಾಧಿಯೇ, ಅಲ್ಲವೇ, ಹೇಳಿ ಎಂದರು. ಹೇಳಿದರು. ಅಂದರೆ ಆ ಸಭಾಂಗಣದಲ್ಲಿ ಮತದಾನ ನಿಂತಿಲ್ಲ. ಮತಪತ್ರದ ಬದಲು ಟಿಕೆಟ್ ಬಂದಿದೆ, ಆ ಸಾಲಿನಲ್ಲಿ ಕಾಲು ಚಾಚಲು ಜಾಗವೂ ಇದೆ.

ನೆಲಮಾಳಿಗೆಯಲ್ಲಿ ಪೆಂಗ್ವಿನ್‌ಗಳಿವೆ. ಹಗಲು ಬೆಳಕು ಕಾಣದ, ಬಯಲು ಗಾಳಿಯಿಲ್ಲದ ವಸತಿ. 2025ರಲ್ಲಿ ನದಿಯಾಚೆಯ ಹತ್ತಾರು ಸಂಸದರು ಸಹಿ ಹಾಕಿ, ಈ ಬಡಪಾಯಿಗಳಿಗೆ ಬೇರೆ ಕಡೆ ನೆಲೆ ಕಲ್ಪಿಸಿ ಎಂದು ಪತ್ರ ಬರೆದರು. ಓದಿ ಸಂತೋಷವಾಯಿತು. ಲಂಡನ್ನಿನಲ್ಲಿ ಕಿಟಕಿಯಿಲ್ಲದ ಬಾಡಿಗೆ ಕೋಣೆಯಲ್ಲಿರುವ ನಮ್ಮ ಹುಡುಗರು ಮುಂದಿನ ಅರ್ಜಿಯಲ್ಲಿ ಕಪ್ಪು ಕೋಟು, ಬಿಳಿ ಅಂಗಿಯ ಫೋಟೊ ಹಚ್ಚುವುದು ಲೇಸು.

ಇಷ್ಟಾದರೂ ಲಂಡನ್ನಿಗೆ ಒಂದು ಸರ್ಕಾರ ಬೇಡವೇ ಎಂದು ಕೇಳುತ್ತೀರಿ. ಬೇಕೆಂದು ಅವರಿಗೂ ಅನಿಸಿ 2000ದಲ್ಲಿ ಮೇಯರ್ ಚುನಾವಣೆ ನಡೆಸಿದರು. ಗೆದ್ದವನು ಅದೇ ಲಿವಿಂಗ್‌ಸ್ಟನ್. ಹಳೆಯ ಮನೆಯಲ್ಲಿ ಮೀನು ತುಂಬಿದ್ದರಿಂದ ನದಿಯ ಪಕ್ಕ ಗಾಜಿನ ಹೊಸ ಸಿಟಿ ಹಾಲ್ ಕಟ್ಟಿದರು. ಸ್ವಂತದ್ದಲ್ಲ, ಬಾಡಿಗೆಯದು. ಬಾಡಿಗೆ ಭಾರವಾಗಿ, 2022ರ ಹೊತ್ತಿಗೆ ಮೇಯರ್ ಸಾಹೇಬರು ಗಂಟುಮೂಟೆ ಕಟ್ಟಿ ಪೂರ್ವ ಲಂಡನ್ನಿನ ಹಡಗುಕಟ್ಟೆಯ ‘ಕ್ರಿಸ್ಟಲ್’ ಎಂಬ ಕಟ್ಟಡಕ್ಕೆ ಹೋದರು. ಕ್ರಿಸ್ಟಲ್ ಎಂದರೆ 2012ರಲ್ಲಿ ಸೀಮೆನ್ಸ್ ಕಂಪನಿ ಕಟ್ಟಿದ ಪ್ರದರ್ಶನ ಮಂದಿರ. ಸರ್ಕಾರದ ಕಟ್ಟಡದಲ್ಲಿ ಪ್ರದರ್ಶನ ನಡೆಯುತ್ತಿದೆ, ಪ್ರದರ್ಶನದ ಕಟ್ಟಡದಲ್ಲಿ ಸರ್ಕಾರ.

ಮೀನು ನೋಡಿದ ಕಾಲಿನಲ್ಲೇ ನದಿಯ ದಂಡೆ ಹಿಡಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ನಡೆದೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣಗೊಳಿಸಿದ ಬಸವಣ್ಣನವರ ಪ್ರತಿಮೆ ಅಲ್ಲಿದೆ. ಅನುಭವ ಮಂಟಪದಲ್ಲಿ ಎಲ್ಲ ಕಸುಬಿನವರನ್ನೂ ಕೂರಿಸಿ ಮಾತಾಡಿಸಿದ ಮಹಾನುಭಾವರನ್ನು ಮೀನಿನ ಪಾಲಿಕೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಇಟ್ಟಿದ್ದೇವೆ. ಅವರು ಏನೂ ಹೇಳಲಿಲ್ಲ. ಮೇಲಾಗಿ ಪ್ರತಿಮೆ ಸ್ಥಾವರ.

ಊರಿಗೆ ಮರಳಿದ ಮೇಲೆ ಇದೇ ಗುಂಗು. ಬೆಂಗಳೂರಿನ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಚುನಾವಣೆಯಿಲ್ಲದೆ ಐದು ವರ್ಷ ಕಳೆಯಿತು. ಕೊನೆಗೆ 2025ರಲ್ಲಿ ‘ಗ್ರೇಟರ್’ ಎಂಬ ವಿಶೇಷಣವನ್ನು ನಾವೂ ತರಿಸಿಕೊಂಡು ಒಂದು ಪಾಲಿಕೆಯನ್ನು ಐದು ಮಾಡಿದೆವು. ಆ ಐದು ವರ್ಷ ಕೆಂಪೇಗೌಡ ಪೌರಸಭಾಂಗಣದ ಕುರ್ಚಿಗಳು ಸುಮ್ಮನೆ ದೂಳು ತಿಂದದ್ದು ನೆನೆದರೆ ಸಂಕಟವಾಗುತ್ತದೆ. ಮೀನು ಬಿಡಬಹುದಿತ್ತು. ಮೀನಿಗೆ ವಾರ್ಡ್ ಮೀಸಲಾತಿ ಬೇಡ, ಅನುದಾನ ಬೇಡ, ಅವಧಿ ಮುಗಿಯುವ ಭಯವಿಲ್ಲ.

ಯೋಜನೆಯ ಕರಡನ್ನು ನಾನೇ ಬರೆದಿಟ್ಟಿದ್ದೇನೆ. ಒಂದೇ ತೊಡಕು, ನೀರು. ಕಾವೇರಿ ಸಂಪರ್ಕ ಸಿಗುವ ತನಕ ಕಾಯುವುದು ಶಾರ್ಕ್‌ನ ಆಯುಷ್ಯದಲ್ಲಿ ಆಗದ ಮಾತು. ನಮ್ಮ ಬೀದಿಯ ಟ್ಯಾಂಕರಿನವನನ್ನು ವಿಚಾರಿಸಿದೆ. ‘ಎಷ್ಟು ಲೋಡ್ ಬೇಕು ಸಾರ್?’ ಎಂದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಂಗಡ ಕೊಡಬೇಕಾಗುತ್ತದೆ’ ಎಂದ.