ಕಾಶಿ ಅರಸರು ಕೊಟ್ಟ ಬಾವಿ

ಇಂಗ್ಲೆಂಡಿನ ಹಳ್ಳಿಯೊಂದಕ್ಕೆ ಹೋಗಿ ಇಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರೆ, ಸಾಮಾನ್ಯವಾಗಿ ಜನ ಚರ್ಚಿನ ಗೋಪುರದ ಕಡೆಗೆ ಕೈ ತೋರಿಸುತ್ತಾರೆ. ಆಕ್ಸ್‌ಫರ್ಡ್‌ಶೈರಿನ ಚಿಲ್ಟರ್ನ್ ಗುಡ್ಡಗಳ ಮೇಲಿರುವ ಸ್ಟೋಕ್ ರೋ ಎಂಬ ಊರಿನಲ್ಲಿ ಮಾತ್ರ ಆ ಕೈ ಒಂದು ಬಾವಿಯ ಕಡೆಗೆ ತಿರುಗುತ್ತದೆ. ಅಲ್ಲಿಯೂ ಚರ್ಚಿದೆ, ಸುತ್ತ ಬೀಚ್ ಮರಗಳ ಕಾಡಿದೆ, ಆ ಮರವನ್ನು ಕಡೆದು ಕುರ್ಚಿಯ ಕಾಲು ಮಾಡುತ್ತಿದ್ದ ಕಸುಬುದಾರರ ನೆನಪೂ ಇದೆ. ಆದರೆ ಊರಿಗೆ ಹೆಸರು ತಂದದ್ದು ರಸ್ತೆಯ ಪಕ್ಕದಲ್ಲಿ ಕಬ್ಬಿಣದ ಕಂಬಗಳ ಮೇಲೆ ನಿಂತಿರುವ 23 ಅಡಿ ಎತ್ತರದ ಗುಮ್ಮಟ. ಅದರ ಅಂಚಿನ ಸುತ್ತ ಇದು ಭಾರತದ ಬನಾರಸಿನ ಮಹಾರಾಜರು ಕೊಟ್ಟ ಬಾವಿ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಗುಮ್ಮಟದ ಅಡಿಯಲ್ಲಿ, ನೀರು ಸೇದುವ ಯಂತ್ರದ ನೆತ್ತಿಯ ಮೇಲೆ, ಚಿನ್ನದ ಬಣ್ಣದ ಪುಟ್ಟ ಆನೆಯೊಂದು ನಿಂತಿದೆ.

ಮಳೆಗೆ ಕೊರತೆಯಿಲ್ಲದ ನಾಡಿನಲ್ಲಿ ನೀರಿಗೇಕೆ ಬರ ಎಂಬ ಪ್ರಶ್ನೆಗೆ ಉತ್ತರ ನೆಲದಲ್ಲಿದೆ. ಚಿಲ್ಟರ್ನ್ ಗುಡ್ಡಗಳ ಒಡಲೆಲ್ಲ ಸೀಮೆಸುಣ್ಣದ ಕಲ್ಲು. ಬಿದ್ದ ಮಳೆಯನ್ನು ಅದು ಹೀರಿ ಆಳಕ್ಕೆ ಇಳಿಸಿಬಿಡುತ್ತದೆ. ಹೀಗಾಗಿ ಗುಡ್ಡದ ತಲೆಯ ಮೇಲೆ ಕೂತ ಊರಿಗೆ ಹೊಳೆಯಿಲ್ಲ, ತೊರೆಯಿಲ್ಲ. ಜೇಡಿಮಣ್ಣು ತೆಗೆದ ಗುಂಡಿಗಳಲ್ಲಿ ನಿಂತ ಕೆಸರುನೀರೇ ಗತಿ. ಪಕ್ಕದ ಇಪ್ಸ್‌ಡನ್‌ನಲ್ಲಿ ಬೆಳೆದ ಎಡ್ವರ್ಡ್ ಆಂಡರ್ಡನ್ ರೀಡ್ ಎಂಬವರು ಭಾರತದಲ್ಲಿ ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದು, 1831ರಲ್ಲಿ ಆಜಂಗಢದಲ್ಲಿ ಜನರಿಗಾಗಿ ಒಂದು ಬಾವಿ ತೋಡಿಸಿದ್ದರು. ತಮ್ಮ ಊರ ಕಡೆ ಮನೆಯಲ್ಲಿದ್ದ ಕೊನೆಯ ಗುಟುಕು ನೀರನ್ನು ಕುಡಿದುದಕ್ಕಾಗಿ ಒಬ್ಬ ಹುಡುಗ ಏಟು ತಿಂದ ಪ್ರಸಂಗವನ್ನು ಅವರು ಬನಾರಸಿನ ಮಹಾರಾಜ ಈಶ್ವರೀ ಪ್ರಸಾದ ನಾರಾಯಣ ಸಿಂಹರಿಗೆ ಹೇಳಿದ್ದರಂತೆ. ರಾಜರು ಅದನ್ನು ಮರೆಯಲಿಲ್ಲ.

ಇದನ್ನು ಬರಿಯ ಕರುಣೆಯ ಕತೆಯೆಂದು ನಂಬುವಷ್ಟು ಮುಗ್ಧತೆ ನನಗಿಲ್ಲ. ಗುದ್ದಲಿ ಪೂಜೆ ನಡೆದದ್ದು 1863ರ ಮಾರ್ಚ್ 10ರಂದು, ಎಂದರೆ ವೇಲ್ಸ್ ರಾಜಕುಮಾರನ ಮದುವೆಯ ದಿನ. ಬಾವಿ ಜನರ ಬಳಕೆಗೆ ತೆರೆದದ್ದು 1864ರ ಮೇ 24ರಂದು, ಅದು ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬ. 1857ರ ದಂಗೆ ತಣ್ಣಗಾಗಿ ಇನ್ನೂ ಹತ್ತು ವರ್ಷವೂ ಆಗದಿದ್ದಾಗ, ದೇಶೀ ರಾಜರೊಬ್ಬರು ತಮ್ಮ ನಿಷ್ಠೆಯನ್ನು ಎಲ್ಲರಿಗೂ ಕಾಣುವಂತೆ ತೋರಿಸಿಕೊಳ್ಳಬೇಕಾಗಿದ್ದುದು ಸಹಜವೇ. ಆದರೆ ಕೊಡದ ಭಾರ ಹೊತ್ತು ಸೊಂಟ ನೋಯಿಸಿಕೊಂಡವಳಿಗೆ ದಾನಿಯ ಮನಸ್ಸಿನ ಲೆಕ್ಕಾಚಾರ ಕಟ್ಟಿಕೊಂಡು ಏನಾಗಬೇಕು? ಅವಳಿಗೆ ಬೇಕಾದದ್ದು ನೀರು, ಅದು ಬಂತು, ಅದೂ ಬಿಟ್ಟಿಯಾಗಿ.

ಆ ಬಾವಿಯ ಆಳ 368 ಅಡಿ, ಅಗಲ ಕೇವಲ 4 ಅಡಿ. ಆಳಿನ ಲೆಕ್ಕದಲ್ಲಿ ಹೇಳುವುದಾದರೆ ಅರುವತ್ತು ಆಳಿಗೂ ಮಿಗಿಲು. ಇದಿಷ್ಟನ್ನೂ ತೋಡಿದ್ದು ಮನುಷ್ಯರ ಕೈಗಳು. 4 ಅಡಿಯ ಕೊಳವೆಯೊಳಗೆ ಇಬ್ಬರು ಒಟ್ಟಿಗೆ ಗುದ್ದಲಿ ಬೀಸುವುದು ಆಗದ ಮಾತು. ಒಬ್ಬನೇ ಕೆಳಗಿಳಿದು, ಮಂದ ಬೆಳಕಿನಲ್ಲಿ ಅಗೆದು, ಮಣ್ಣನ್ನು ಬುಟ್ಟಿಗೆ ತುಂಬಿ, ಅದು ಮೇಲಕ್ಕೇರುವಾಗ ಕಲ್ಲೊಂದು ಜಾರಿದರೆ ಎಂಬ ಅಳುಕಿನಲ್ಲಿ ತಲೆ ತಗ್ಗಿಸಿ ಕಾಯುತ್ತಿದ್ದಿರಬೇಕು. ನಮ್ಮ ಅಜ್ಜಿಯ ಮನೆಯ ಬಾವಿಯ ಆಳ ನಲವತ್ತು ಅಡಿಗಿಂತ ಹೆಚ್ಚೇನೂ ಇರಲಿಲ್ಲ. ಅದರಿಂದ ನಾಲ್ಕು ಕೊಡ ಸೇದುವಷ್ಟರಲ್ಲೇ ಹಗ್ಗ ಅಂಗೈಯನ್ನು ಕೆಂಪಾಗಿಸುತ್ತಿತ್ತು. ಅದರ ಒಂಬತ್ತು ಪಟ್ಟು ಆಳದಿಂದ ನೀರೆತ್ತಲು ರಾಟೆ ಹಗ್ಗ ಸಾಲದು. ಅದಕ್ಕಾಗಿಯೇ ವಾಲಿಂಗ್‌ಫರ್ಡ್‌ನ ವೈಲ್ಡರ್ ಎಂಬವರ ಎರಕದ ಕಾರ್ಖಾನೆಯಲ್ಲಿ ಹಲ್ಲುಚಕ್ರಗಳ ಯಂತ್ರವನ್ನು ಮಾಡಿಸಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಾವಿಯ ಪಕ್ಕದ ಚೆರ್ರಿ ತೋಟ. ಬಾವಿ ತೋಡಿಸಿ ಕೈತೊಳೆದುಕೊಳ್ಳುವ ದಾನಿಗಳು ಬಹಳ. ಅದನ್ನು ನೋಡಿಕೊಳ್ಳುವವನ ಹೊಟ್ಟೆಗೇನು ಎಂದು ಯೋಚಿಸುವವರು ಕಡಿಮೆ. ಇಲ್ಲಿ ಕಾವಲುಗಾರನಿಗೆ ಒಂದು ಪುಟ್ಟ ಮನೆ ಕಟ್ಟಿಸಿ, ಚೆರ್ರಿ ಮರಗಳನ್ನು ನೆಡಿಸಿ, ಹಣ್ಣು ಮಾರಿ ಬಂದ ದುಡ್ಡಿನಲ್ಲಿ ಬಾವಿಯ ಖರ್ಚು ನಡೆಯುವಂತೆ ಏರ್ಪಾಟು ಮಾಡಿದ್ದರು. ದೇವಸ್ಥಾನ ಕಟ್ಟಿಸಿದವರು ದೀಪದೆಣ್ಣೆಗೆಂದು ಉಂಬಳಿ ಬಿಡುವ ಪದ್ಧತಿಯನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ತೋಟದ ಹೆಸರು ಈಶ್ರೀ ಬಾಗ್. ಅದರೊಳಗೆ ಮೀನಿನ ಆಕಾರದ ಒಂದು ಕೊಳವೂ ಇತ್ತು.

ಇಪ್ಪತ್ತನೆಯ ಶತಮಾನದಲ್ಲಿ ನಲ್ಲಿ ನೀರು ಬಂದ ಮೇಲೆ ಬಾವಿಯ ಕೆಲಸ ಮುಗಿಯಿತು. 1964ರಲ್ಲಿ ನೂರು ವರ್ಷ ತುಂಬಿದಾಗ ಎಡಿನ್‌ಬರೊದ ಡ್ಯೂಕ್ ಪ್ರಿನ್ಸ್ ಫಿಲಿಪ್ ಬಂದಿದ್ದರು. ಗಂಗೆಯ ನೀರನ್ನು ತಂದು ಬಾವಿಯ ನೀರಿಗೆ ಬೆರೆಸಿದರು. ಅಷ್ಟು ಎತ್ತರದಿಂದ ಕಲ್ಲು ಹಾಕಿದರೆ ತಳ ಮುಟ್ಟಲು ಹತ್ತಿರ ಹತ್ತಿರ ಐದು ಸೆಕೆಂಡು ಬೇಕು. ಕಾಶಿಯಿಂದ ಅಷ್ಟು ದೂರ ಬಂದ ಗಂಗೆಗೆ ಆ ಕೊನೆಯ ಐದು ಸೆಕೆಂಡಿನ ಇಳಿಜಾರು ಹೆಚ್ಚೇನೂ ಅನಿಸಿರಲಾರದು.